ಶ್ರೋಥ್ ರ‍್ಯಾಲಿ 4 ಹಾರ್ನೆಸ್ ಮತ್ತು ಅರ್ಧ ರೋಲ್ ಕೇಜ್: ದಿನಬಳಕೆಯ ಕಾರಿನಲ್ಲಿ ಎಷ್ಟು ಸರಿ?

ವಾರವಿಡೀ ಕಚೇರಿಗೆ ಓಡಾಡಿ, ಬಿಡುವಾದಾಗ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆಯ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗಿ, ಟ್ರ್ಯಾಕ್ ಡೇ (ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಮುಗಿಸಿಕೊಂಡು ಹೆದ್ದಾರಿ ಹಿಡಿದು ಮನೆಗೆ ಮರಳುವ ಕಾರುಗಳು ಬೆಂಗಳೂರಿನಲ್ಲಿ ಈಗ ಸಾಕಷ್ಟಿವೆ. ನನ್ನ ಫೋಕ್ಸ್‌ವ್ಯಾಗನ್ ಪೋಲೊ ಆ ಗುಂಪಿಗೆ ಸೇರಿದ್ದು. ಅದರ ಚಾಲಕನ ಸೀಟಿಗೆ ಜರ್ಮನಿಯ ಶ್ರೋಥ್ ಕಂಪನಿಯ ರ‍್ಯಾಲಿ 4 ಎಂಬ ನಾಲ್ಕು ಪಟ್ಟಿಯ ಹಾರ್ನೆಸ್ಸನ್ನೂ (ಎರಡೂ ಭುಜ ಮತ್ತು ಸೊಂಟವನ್ನು ಬಿಗಿದು ಹಿಡಿಯುವ ರೇಸ್ ಬಗೆಯ ಬೆಲ್ಟ್), ಮುಂದಿನ ಸೀಟುಗಳ ಹಿಂಬದಿಗೆ ನಗರದ ಒಂದು ಫ್ಯಾಬ್ರಿಕೇಷನ್ ವರ್ಕ್‌ಶಾಪಿನಲ್ಲಿ ಮಾಡಿಸಿದ ಅರ್ಧ ರೋಲ್ ಕೇಜನ್ನೂ (ಕಾರು ಮಗುಚಿದಾಗ ಚಾವಣಿ ಕುಸಿಯದಂತೆ ತಡೆಯುವ ಉಕ್ಕಿನ ಕೊಳವೆಗಳ ಚೌಕಟ್ಟು) ಹಾಕಿಸಿ ಬಳಸುತ್ತಿದ್ದೇನೆ. ಓದುಗರು ಕೊನೆಯವರೆಗೆ ಕಾಯಬೇಕಾಗಿಲ್ಲದಂತೆ ತೀರ್ಪನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹಾರ್ನೆಸ್ ಬಹಳ ಒಳ್ಳೆಯ ವಸ್ತು, ಆದರೆ ಟ್ರ್ಯಾಕಿಗೆ ಮಾತ್ರ. ಅರ್ಧ ಕೇಜನ್ನು ಕೆಲವು ಷರತ್ತುಗಳ ಮೇಲೆ ಒಪ್ಪಬಹುದು. ರಸ್ತೆಯಲ್ಲಿ ಓಡುವ ಕಾರಿಗೆ ಪೂರ್ಣ ಕೇಜ್ ಹಾಕಿಸುವುದನ್ನು ಮಾತ್ರ ನಾನು ಯಾರಿಗೂ ಶಿಫಾರಸು ಮಾಡಲಾರೆ.

ಹೊಸ ಬೆಲ್ಟಿನ ಗುಣ ಹೇಳುವ ಮೊದಲು ಹಳೆಯದರ ಗುಣ ಹೇಳಬೇಕು, ಏಕೆಂದರೆ ರೇಸ್ ಹಾರ್ನೆಸ್ ಕೊಳ್ಳುವವರಲ್ಲಿ ಹೆಚ್ಚಿನವರು ಕಾರಿನ ಜೊತೆಗೆ ಬಂದ ಬೆಲ್ಟನ್ನು ಅಗ್ಗದ ವಸ್ತುವೆಂದು ಭಾವಿಸಿಯೇ ಅಂಗಡಿಗೆ ಹೋಗಿರುತ್ತಾರೆ. ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಬೆಲ್ಟ್ 1959ರಲ್ಲಿ ಕಾರುಗಳಿಗೆ ಬಂತು. ಅಲ್ಲಿಂದೀಚೆಗೆ ಅದರ ಸುತ್ತ ಒಂದು ಇಡೀ ವ್ಯವಸ್ಥೆ ಬೆಳೆದಿದೆ. ಇಂದಿನ ಹಲವು ಕಾರುಗಳಲ್ಲಿ ಅಪಘಾತದ ಕ್ಷಣದಲ್ಲಿ ಪ್ರಿಟೆನ್ಷನರ್ ಬೆಲ್ಟಿನ ಸಡಿಲವನ್ನು ಎಳೆದುಕೊಳ್ಳುತ್ತದೆ. ಎದೆಯ ಮೇಲಿನ ಒತ್ತಡ ಒಂದು ಮಟ್ಟ ಮೀರಿದರೆ ಲೋಡ್ ಲಿಮಿಟರ್ ಸ್ವಲ್ಪ ಸ್ವಲ್ಪವಾಗಿ ಪಟ್ಟಿಯನ್ನು ಬಿಟ್ಟುಕೊಡುತ್ತದೆ, ಹಾಗೆ ಮುಂದಕ್ಕೆ ಬಂದ ತಲೆ ಮತ್ತು ಎದೆಯನ್ನು ಏರ್‌ಬ್ಯಾಗ್ ಹಿಡಿದುಕೊಳ್ಳುತ್ತದೆ. ಈ ಮೂರನ್ನೂ ಒಂದರ ಲೆಕ್ಕ ಇನ್ನೊಂದಕ್ಕೆ ಹೊಂದುವಂತೆ ಕಾರ್ಖಾನೆಯಲ್ಲಿಯೇ ಕೂಡಿಸಿರುತ್ತಾರೆ. ಇದೇ ಪೋಲೊ ಕಾರನ್ನು 2014ರಲ್ಲಿ ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸುವ ಸಂಸ್ಥೆಯಾದ ಗ್ಲೋಬಲ್ ಎನ್‌ಕ್ಯಾಪ್ ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ, ಏರ್‌ಬ್ಯಾಗ್ ಇಲ್ಲದ ಮಾದರಿಗೆ ವಯಸ್ಕರ ರಕ್ಷಣೆಯಲ್ಲಿ ಸೊನ್ನೆ ನಕ್ಷತ್ರವೂ ಎರಡು ಏರ್‌ಬ್ಯಾಗ್ ಇದ್ದ ಮಾದರಿಗೆ ನಾಲ್ಕು ನಕ್ಷತ್ರಗಳೂ ಬಂದವು. ಕಾರಿನ ಹೆಸರು ಒಂದೇ, ಒಳಗೆ ಕುಳಿತವರನ್ನು ಹಿಡಿಯುವ ವ್ಯವಸ್ಥೆಯಲ್ಲಷ್ಟೇ ವ್ಯತ್ಯಾಸ. ಅಂಥ ವ್ಯವಸ್ಥೆಯ ಒಂದು ಭಾಗವನ್ನು ಕಿತ್ತು ಬೇರೊಂದನ್ನು ಹಾಕುವವರು ಉಳಿದ ಭಾಗಗಳಿಗೆ ಏನಾಗುತ್ತದೆಂದು ಕೇಳಿಕೊಳ್ಳಲೇಬೇಕು.

ಹಾಗಾದರೆ ಹಾರ್ನೆಸ್ ಏಕೆ ಬೇಕು? ಟ್ರ್ಯಾಕಿನಲ್ಲಿ ಅದರ ಉಪಯೋಗ ನಿಜವಾದದ್ದು. ಕಾರ್ಖಾನೆಯ ಸೀಟಿನಲ್ಲಿ, ಮಾಮೂಲಿ ಬೆಲ್ಟ್ ಹಾಕಿಕೊಂಡು ಉದ್ದನೆಯ ಬಲತಿರುವಿನಲ್ಲಿ ವೇಗವಾಗಿ ಹೋಗುವಾಗ ಮೈ ಎಡಕ್ಕೆ ಜಾರುತ್ತದೆ. ಚಾಲಕ ತನ್ನನ್ನು ತಾನು ಹಿಡಿದುಕೊಳ್ಳಲು ಮೊಣಕಾಲನ್ನು ಬಾಗಿಲಿಗೋ ಗೇರಿನ ಪಕ್ಕದ ಕನ್ಸೋಲಿಗೋ ಒತ್ತುತ್ತಾನೆ, ಸ್ಟೀರಿಂಗನ್ನು ಊರುಗೋಲಿನಂತೆ ಜಗ್ಗುತ್ತಾನೆ. ಆಗ ಮುಂದಿನ ಚಕ್ರಗಳು ರಸ್ತೆಯ ಬಗ್ಗೆ ಹೇಳುವ ಸೂಕ್ಷ್ಮ ಸುದ್ದಿ ಅಂಗೈಗೆ ಮುಟ್ಟುವುದಿಲ್ಲ. ರ‍್ಯಾಲಿ 4 ಬಿಗಿದುಕೊಂಡ ಮೇಲೆ ಈ ಹೋರಾಟ ನಿಂತುಹೋಗುತ್ತದೆ. ಕೈಗಳು ಸ್ಟೀರಿಂಗ್ ತಿರುಗಿಸುವ ಕೆಲಸವನ್ನಷ್ಟೇ ಮಾಡುತ್ತವೆ, ಬ್ರೇಕ್ ಒತ್ತುವಾಗ ಸೊಂಟ ಕದಲದಿರುವುದರಿಂದ ಕಾಲಿನ ಒತ್ತಡವನ್ನು ಅಳೆದು ಕೊಡಬಹುದು, ಸುತ್ತು ಮುಗಿದ ಮೇಲೆ ಭುಜ ನೋಯುವುದೂ ಕಡಿಮೆ. ಪಟ್ಟಿಯ ನೇಯ್ಗೆ, ಹೊಲಿಗೆ, ಒತ್ತಿ ಬಿಡಿಸುವ ಬಕಲ್ಲಿನ ಗಟ್ಟಿ ಸದ್ದು, ಎಲ್ಲದರಲ್ಲೂ ಒಳ್ಳೆಯ ಕೆಲಸಗಾರಿಕೆ ಕಾಣುತ್ತದೆ.

ಆದರೆ ನಾಲ್ಕು ಪಟ್ಟಿಯ ಹಾರ್ನೆಸ್ಸಿನ ಹುಟ್ಟುದೋಷವೊಂದನ್ನು ತಿಳಿಯದೆ ಅದನ್ನು ಕೊಳ್ಳಬಾರದು. ಎರಡು ಭುಜದ ಪಟ್ಟಿಗಳೂ ಎರಡು ಸೊಂಟದ ಪಟ್ಟಿಗಳೂ ಹೊಟ್ಟೆಯ ಮುಂದಿನ ಬಕಲ್ಲಿನಲ್ಲಿ ಸೇರುತ್ತವೆ. ಮುಂದಿನಿಂದ ಡಿಕ್ಕಿಯಾದಾಗ ಎದೆ ಭುಜದ ಪಟ್ಟಿಗಳ ಮೇಲೆ ಬೀಳುತ್ತದೆ. ಆ ಪಟ್ಟಿಗಳು ಬಕಲ್ಲನ್ನು ಮೇಲಕ್ಕೆ ಎಳೆಯುತ್ತವೆ. ಬಕಲ್ಲಿನೊಂದಿಗೆ ಸೊಂಟದ ಪಟ್ಟಿಯೂ ಮೇಲೇರಿ, ತಾನು ಕೂರಬೇಕಾದ ಸೊಂಟದ ಮೂಳೆಯನ್ನು ಬಿಟ್ಟು ಮೃದುವಾದ ಹೊಟ್ಟೆಯ ಮೇಲೆ ಬರುತ್ತದೆ, ಮತ್ತು ಸೊಂಟ ಅದರ ಅಡಿಯಿಂದ ಮುಂದಕ್ಕೆ ಜಾರುತ್ತದೆ. ಪಿತ್ತಜನಕಾಂಗ, ಗುಲ್ಮ, ಕರುಳು, ಕೆಳಬೆನ್ನಿನ ಮೂಳೆ, ಇಷ್ಟಕ್ಕೂ ಆಗ ಅಪಾಯ. ಸಬ್‌ಮರೀನಿಂಗ್ ಎಂದು ಇದನ್ನು ಕರೆಯುತ್ತಾರೆ. ಸ್ಪರ್ಧೆಯ ಕಾರುಗಳಲ್ಲಿ ಇದನ್ನು ತಡೆಯುವುದು ತೊಡೆಗಳ ನಡುವೆ ಬಂದು ಬಕಲ್ಲನ್ನು ಕೆಳಕ್ಕೆ ಹಿಡಿಯುವ ಐದನೆಯ ಮತ್ತು ಆರನೆಯ ಪಟ್ಟಿಗಳು. ಅವಕ್ಕೆ ಸೀಟಿನ ತಳದಲ್ಲಿ ತೂತು ಬೇಕು, ಕಾರ್ಖಾನೆಯ ಸೀಟಿನಲ್ಲಿ ಅದು ಇರುವುದಿಲ್ಲ. ಸೀಟಿನ ಮುಂಭಾಗದ ಅಂಚನ್ನು ಬಳಸಿ ಆ ಪಟ್ಟಿಯನ್ನು ಎಳೆದು ಕಟ್ಟಿರುವ ಕಾರುಗಳನ್ನು ನೋಡಿದ್ದೇನೆ. ಅಲ್ಲಿ ಪಟ್ಟಿ ಕೆಳಕ್ಕೆ ಎಳೆಯುವ ಬದಲು ಮುಂದಕ್ಕೆ ಎಳೆಯುತ್ತದೆ, ಅಂದರೆ ಜಾರುವ ಸೊಂಟಕ್ಕೆ ಸಹಾಯವನ್ನೇ ಮಾಡುತ್ತದೆ.

ಶ್ರೋಥ್ ಕಂಪನಿಯವರು ಈ ತೊಡಕಿಗೆ ಕಂಡುಕೊಂಡ ಪರಿಹಾರವೇ ರ‍್ಯಾಲಿ 4ರ ನಿಜವಾದ ವಿಶೇಷ, ಅದರ ಬೆಲೆಗೆ ಸಮರ್ಥನೆಯೂ ಅದೇ. ಎಎಸ್‌ಎಂ ಎಂದು ಕರೆಯುವ ಈ ವಿಧಾನದಲ್ಲಿ ಕಾರಿನ ನಡುಬದಿಗೆ ಬರುವ ಭುಜದ ಪಟ್ಟಿಯಲ್ಲಿ ಒಂದಿಷ್ಟು ಹೆಚ್ಚುವರಿ ಪಟ್ಟಿಯನ್ನು ಮಡಚಿ ಹೊಲಿದು, ಮೇಲೆ ಕವಚ ಹಾಕಿರುತ್ತಾರೆ. ಡಿಕ್ಕಿಯ ಬಲ ಬಿದ್ದಾಗ ಆ ಹೊಲಿಗೆ ಕ್ರಮವಾಗಿ ಬಿಚ್ಚಿಕೊಂಡು ಆ ಒಂದು ಭುಜಕ್ಕೆ ಮಾತ್ರ ಸ್ವಲ್ಪ ಮುಂದೆ ಬರಲು ಅವಕಾಶ ಕೊಡುತ್ತದೆ. ಮೈ ಕೊಂಚ ತಿರುಗುತ್ತದೆ, ಮೂರು ಬಿಂದುಗಳ ಬೆಲ್ಟಿನಲ್ಲಿ ಆಗುವಂತೆಯೇ. ಬಕಲ್ಲಿನ ಮೇಲೆ ನೇರವಾಗಿ ಬೀಳುತ್ತಿದ್ದ ಎಳೆತ ತಗ್ಗಿ, ಸೊಂಟದ ಪಟ್ಟಿ ತನ್ನ ಜಾಗದಲ್ಲಿಯೇ ಉಳಿಯುತ್ತದೆ. ಕಾರ್ಖಾನೆಯ ಸೀಟಿನೊಂದಿಗೆ ನಾಲ್ಕು ಪಟ್ಟಿಯ ಹಾರ್ನೆಸ್ ಹಾಕಲೇಬೇಕೆಂದರೆ ಇಂಥದ್ದೊಂದು ಏರ್ಪಾಡು ಇರುವುದನ್ನೇ ಹಾಕಬೇಕು. ಎರಡೂ ಭುಜಕ್ಕೆ ಒಂದೇ ಬಗೆಯ ಸಾದಾ ಪಟ್ಟಿ ಇರುವ, ನೋಡಲು ಇದರಂತೆಯೇ ಇರುವ ಅಗ್ಗದ ನಾಲ್ಕು ಪಟ್ಟಿಯ ಸೆಟ್ಟುಗಳನ್ನು ನಾನು ಉಚಿತವಾಗಿ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ.

ಇಲ್ಲಿ ನಮ್ಮ ದೇಶದವರು ಗಮನಿಸಬೇಕಾದ ಸಂಗತಿಯೊಂದಿದೆ. ಒಂದು ಭುಜದ ಪಟ್ಟಿ ಇನ್ನೊಂದಕ್ಕಿಂತ ಭಿನ್ನವಾಗಿರುವುದರಿಂದ ಎಡ ಸೀಟಿಗೆ ಬೇರೆ, ಬಲ ಸೀಟಿಗೆ ಬೇರೆ ಹಾರ್ನೆಸ್ ಇರುತ್ತದೆ. ಯುರೋಪಿನಲ್ಲಿ ಚಾಲಕ ಕೂರುವುದು ಎಡಕ್ಕೆ. ಅಲ್ಲಿಯ ಮಾರಾಟಗಾರನಿಂದ ಚಾಲಕನ ಸೀಟಿನದು ಎಂದು ಕೇಳಿ ತರಿಸಿದರೆ ನಮ್ಮ ಕಾರಿನಲ್ಲಿ ಅದು ಪಕ್ಕದವನಿಗೆ ಹೊಂದುತ್ತದೆ. ಚಾಲಕನಿಗೆ ಅದನ್ನೇ ಹಾಕಿದರೆ ಬಾಗಿಲ ಕಡೆಯ ಭುಜ ಮುಂದೆ ಬಂದು ಮೈ ತಪ್ಪು ದಿಕ್ಕಿಗೆ ತಿರುಗುತ್ತದೆ. ಆದ್ದರಿಂದ ಬೇಡಿಕೆ ಸಲ್ಲಿಸುವಾಗ ಚಾಲಕ, ಪ್ರಯಾಣಿಕ ಎನ್ನದೆ ಬಲ ಸೀಟು ಎಂದೇ ಬರೆಯಬೇಕು.

ಜೋಡಣೆಯ ವಿಷಯಕ್ಕೆ ಬರೋಣ, ಏಕೆಂದರೆ ಒಳ್ಳೆಯ ಹಾರ್ನೆಸ್ ಕೆಡುವುದು ಇಲ್ಲಿ. ಸೊಂಟದ ಪಟ್ಟಿಗಳು ಮೂಲ ಬೆಲ್ಟಿನ ಬುಡದ ಬಿಂದುಗಳಿಗೇ ಸೇರುತ್ತವೆ. ಹೆಚ್ಚಿನ ಕಾರುಗಳಲ್ಲಿ ಅಲ್ಲಿರುವುದು 7/16 ಅಂಗುಲ ದಪ್ಪದ, ಅಂಗುಲಕ್ಕೆ 20 ಸುತ್ತಿನ ಬೋಲ್ಟು. ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಇದಕ್ಕೆ ಬದಲಾಗಿ ಹತ್ತು ಮಿಲಿಮೀಟರಿನ ಬೋಲ್ಟನ್ನು ಕೊಟ್ಟು, ಸ್ವಲ್ಪ ಸಡಿಲವಾದರೂ ಕೂತುಕೊಳ್ಳುತ್ತದೆ ಎಂದರು. ಪ್ರಾಣ ಹಿಡಿಯುವ ಬೋಲ್ಟಿನ ವಿಷಯದಲ್ಲಿ ಆ ಮಾತನ್ನು ಕೇಳಿಸಿಕೊಳ್ಳಲೂ ಬಾರದು. ಹಾಗೆಯೇ ಕಣ್ಣಿನಾಕಾರದ ಬೋಲ್ಟುಗಳು ಉದ್ದಕ್ಕೆ ಎಳೆದರೆ ಬಲವಾಗಿ ನಿಲ್ಲುತ್ತವೆ, ಅಡ್ಡಕ್ಕೆ ಎಳೆದರೆ ಬಾಗುತ್ತವೆ. ಪಟ್ಟಿ ಎಳೆಯುವ ದಿಕ್ಕನ್ನು ನೋಡಿಕೊಂಡು ಬೋಲ್ಟೋ ಚಪ್ಪಟೆ ಬ್ರಾಕೆಟ್ಟೋ ಎಂದು ತೀರ್ಮಾನಿಸಬೇಕು.

ಭುಜದ ಪಟ್ಟಿಗಳ ಕೋನ ಇದಕ್ಕಿಂತ ಮುಖ್ಯ. ಅಂತರರಾಷ್ಟ್ರೀಯ ಮೋಟಾರು ಕ್ರೀಡೆಯ ಒಕ್ಕೂಟವಾದ ಎಫ್‌ಐಎ ತನ್ನ ನಿಯಮಾವಳಿಯ ಜೆ ಅನುಬಂಧದಲ್ಲಿ ಹೇಳುವಂತೆ, ಸೀಟಿನ ಬೆನ್ನಿನ ಮೇಲಂಚಿನಿಂದ ಹಿಂದಕ್ಕೆ ಇಳಿಯುವ ಪಟ್ಟಿ ಅಡ್ಡಗೆರೆಗೆ 45 ಡಿಗ್ರಿಗಿಂತ ಹೆಚ್ಚು ಇಳಿಜಾರಾಗಿರಬಾರದು, 10 ಡಿಗ್ರಿ ಮೀರದಿರುವುದು ಉತ್ತಮ. ಪಟ್ಟಿ ಕಡಿದಾಗಿ ಕೆಳಗಿಳಿದರೆ ಡಿಕ್ಕಿಯಲ್ಲಿ ಅದು ಭುಜವನ್ನು ಹಿಂದಕ್ಕೆ ಹಿಡಿಯುವ ಬದಲು ಕೆಳಕ್ಕೆ ಅದುಮಿ ಬೆನ್ನೆಲುಬನ್ನು ಕುಗ್ಗಿಸುತ್ತದೆ. ಪೋಲೊ ಕಾರಿನಲ್ಲಿ ಹಿಂದಿನ ಸೀಟಿನ ಬೆಲ್ಟಿನ ಬುಡಕ್ಕೆ ಪಟ್ಟಿಯನ್ನು ಕಟ್ಟಿದಾಗ ನನಗೆ ಸಿಕ್ಕ ಕೋನ 40 ಡಿಗ್ರಿಯ ಆಸುಪಾಸು. ಮಿತಿಯೊಳಗೆ ಇದ್ದರೂ ಸಮಾಧಾನದ ಅಳತೆಯಲ್ಲ. ಅದಲ್ಲದೆ ಪಟ್ಟಿ ಉದ್ದವಾದಷ್ಟೂ ಬಲ ಬಿದ್ದಾಗ ಹೆಚ್ಚು ಹಿಗ್ಗುತ್ತದೆ, ತಲೆ ಸ್ಟೀರಿಂಗಿನ ಕಡೆಗೆ ಅಷ್ಟು ಹೆಚ್ಚು ಹೋಗುತ್ತದೆ. ಅರ್ಧ ಕೇಜ್ ಮಾಡಿಸಲು ಇದೂ ಒಂದು ಕಾರಣ. ಅದರಲ್ಲಿ ಭುಜದ ಎತ್ತರಕ್ಕಿಂತ ತುಸು ಕೆಳಗೆ ಬರುವ ಅಡ್ಡ ಕೊಳವೆಗೆ ಪಟ್ಟಿಗಳನ್ನು ಸುತ್ತಿ ಕಟ್ಟಬಹುದು, ಕೋನ ಬಹುತೇಕ ಸಮತಲವಾಗುತ್ತದೆ. ಪಟ್ಟಿ ಅಕ್ಕಪಕ್ಕಕ್ಕೆ ಸರಿಯದಂತೆ ಕೊಳವೆಯ ಮೇಲೆ ಎರಡೂ ಬದಿಗೆ ತಡೆಯುಂಗುರ ಬೆಸೆಯಿಸುವುದನ್ನು ಮರೆಯಬಾರದು.

ಇನ್ನು ರಸ್ತೆ. ಈ ಹಾರ್ನೆಸ್ಸಿಗೆ ಯುರೋಪಿನ ಇಸಿಇ ಆರ್16 ಎಂಬ ರಸ್ತೆ ಬೆಲ್ಟಿನ ಅನುಮೋದನೆ ಇದೆ. ನಮ್ಮಲ್ಲಿ ಹಲವರು ಅದನ್ನೇ ತೋರಿಸಿ ನಗರದಲ್ಲಿಯೂ ಇದನ್ನು ಹಾಕಿಕೊಂಡು ಓಡಾಡುತ್ತಾರೆ. ಅನುಮೋದನೆಯ ಮಾತು ಹಾಗಿರಲಿ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಭುಜ ಬಿಗಿದು ಕುಳಿತು ಎಡಗಡೆಯಿಂದ ನುಗ್ಗುವ ಸ್ಕೂಟರನ್ನು ನೋಡಲು ಯತ್ನಿಸಿದವರಿಗೆ ತೊಂದರೆ ತಾನೇ ತಿಳಿಯುತ್ತದೆ. ಮುಂದಕ್ಕೆ ಬಾಗಿ ಕಂಬದ ಮರೆಯನ್ನು ಇಣುಕಲಾಗದು, ತಿರುಗಿ ಹಿಂದೆ ನೋಡಲಾಗದು, ಟೋಲಿನಲ್ಲಿ ಕೈ ಚಾಚಲಾಗದು. ಆಗ ಎಲ್ಲರೂ ಮಾಡುವುದು ಒಂದೇ ಕೆಲಸ: ಭುಜದ ಪಟ್ಟಿಗಳನ್ನು ಸಡಿಲಿಸುವುದು. ಸಡಿಲವಾದ ಹಾರ್ನೆಸ್ಸಿಗೆ ಅದನ್ನು ತಾನಾಗಿ ಬಿಗಿಗೊಳಿಸುವ ಸುರುಳಿಯಿಲ್ಲ, ಪ್ರಿಟೆನ್ಷನರ್ ಇಲ್ಲ. ಅದು ಕಾರಿನ ಮೂಲ ಬೆಲ್ಟಿಗಿಂತ ಎಲ್ಲ ರೀತಿಯಲ್ಲೂ ಕಡಿಮೆ. ಆದ್ದರಿಂದ ಮೂಲ ಬೆಲ್ಟನ್ನು ಕಿತ್ತುಹಾಕದೆ, ಎರಡನ್ನೂ ಇಟ್ಟುಕೊಂಡು, ರಸ್ತೆಯಲ್ಲಿ ಮೂಲದ್ದನ್ನೇ ಹಾಕಿಕೊಳ್ಳಬೇಕು. ರ‍್ಯಾಲಿ 4 ಇದಕ್ಕೆ ಅಡ್ಡಿ ಮಾಡುವುದಿಲ್ಲ ಎನ್ನುವುದು ಅದರ ಪರವಾಗಿ ಹೇಳಬೇಕಾದ ಮಾತು. ಟ್ರ್ಯಾಕಿನಿಂದ ಹೊರಡುವಾಗ ಪಟ್ಟಿಗಳನ್ನು ಬಿಚ್ಚಿ ಚೀಲಕ್ಕೆ ಹಾಕುತ್ತೇನೆ. ಬಿಸಿಲಿನಿಂದ ನೇಯ್ಗೆಯೂ ಉಳಿಯುತ್ತದೆ. ಸೀಟ್ ಬೆಲ್ಟ್ ಧರಿಸದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಡಿ 1,000 ರೂಪಾಯಿ ದಂಡವಿದೆ. ಭುಜದ ಮೇಲೆ ಕೆಂಪು ಪಟ್ಟಿ ಹಾಕಿಕೊಂಡವರು ರಸ್ತೆ ಬದಿಯಲ್ಲಿ ಪೊಲೀಸರಿಗೆ ಜರ್ಮನ್ ಅನುಮೋದನೆಯನ್ನು ವಿವರಿಸುತ್ತ ನಿಲ್ಲುವ ಪ್ರಸಂಗವನ್ನೂ ಇದರಿಂದ ತಪ್ಪಿಸಬಹುದು.

ಎರಡೂ ಭುಜಗಳನ್ನು ಬಿಗಿಯಾಗಿ ಹಿಡಿದಾಗ ಹಿಡಿತವಿಲ್ಲದೆ ಉಳಿಯುವುದು ತಲೆ ಒಂದೇ, ಅದರ ಮೇಲೆ ಹೆಲ್ಮೆಟ್ಟಿನ ತೂಕ ಬೇರೆ. 2001ರ ಫೆಬ್ರವರಿ 18ರಂದು ಡೇಟೋನ ರೇಸಿನ ಕೊನೆಯ ಸುತ್ತಿನಲ್ಲಿ ಗೋಡೆಗೆ ಬಡಿದು ಸತ್ತ ಅಮೆರಿಕದ ರೇಸ್ ಚಾಲಕ ಡೇಲ್ ಅರ್ನ್‌ಹಾರ್ಟ್ ಅವರ ತಲೆಬುರುಡೆಯ ತಳ ಮುರಿದಿತ್ತು. ತಲೆಯನ್ನು ಭುಜಕ್ಕೆ ಹಿಡಿದಿಡುವ ಹ್ಯಾನ್ಸ್ ಸಾಧನ ಆಗಲೇ ಮಾರುಕಟ್ಟೆಯಲ್ಲಿತ್ತು, ಅವರು ಅದನ್ನು ಧರಿಸಿರಲಿಲ್ಲ. ಅದನ್ನು ರೂಪಿಸಿದವರು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಜೀವಯಂತ್ರಶಾಸ್ತ್ರದ ಪ್ರಾಧ್ಯಾಪಕ ರಾಬರ್ಟ್ ಹಬರ್ಡ್, ಅವರ ಜೊತೆಗೆ ರೇಸ್ ಚಾಲಕನಾಗಿದ್ದ ಅವರ ಬಾವಮೈದುನ ಜಿಮ್ ಡೌನಿಂಗ್. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಕಾರು ರೇಸುಗಳ ಸಂಸ್ಥೆಯಾದ ನಾಸ್ಕಾರ್, 2003ರಲ್ಲಿ ಫಾರ್ಮುಲಾ ಒನ್ ಇಂಥ ಸಾಧನವನ್ನು ಕಡ್ಡಾಯ ಮಾಡಿದವು. ಟ್ರ್ಯಾಕ್ ಡೇಗೆ ಹೋಗುವವರು ಚಕ್ರ, ಸಸ್ಪೆನ್ಷನ್, ಸೈಲೆನ್ಸರುಗಳಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ತೆಗೆದಿಡುವುದನ್ನು ನಾನು ಬಹಳ ವಿರಳವಾಗಿ ನೋಡಿದ್ದೇನೆ.

ಹಾರ್ನೆಸ್ಸಿಗೂ ಕೇಜಿಗೂ ಇರುವ ನಂಟು ಮಗುಚಿ ಬೀಳುವ ಅಪಘಾತದ್ದು. ಕಾರು ಪಲ್ಟಿಯಾಗಿ ಚಾವಣಿ ಒಳಕ್ಕೆ ಕುಸಿದರೆ ಮೂರು ಬಿಂದುಗಳ ಬೆಲ್ಟಿನಲ್ಲಿರುವ ಮೈಗೆ ಪಕ್ಕಕ್ಕೆ ವಾಲಲು ಸ್ವಲ್ಪ ಅವಕಾಶವಿರುತ್ತದೆ. ಹಾರ್ನೆಸ್ ಆ ಅವಕಾಶವನ್ನು ಕಿತ್ತುಕೊಂಡು ಮೈಯನ್ನು ನೆಟ್ಟಗೆ ನಿಲ್ಲಿಸುತ್ತದೆ, ಕುಸಿದ ಚಾವಣಿಯ ಭಾರ ತಲೆ ಮತ್ತು ಕತ್ತಿನ ಮೇಲೆ ಬೀಳುತ್ತದೆ. ಹಾಗಾಗಿ ಹಾರ್ನೆಸ್ ಹಾಕಿದವರು ರೋಲ್ ಬಾರನ್ನೂ (ಕೇಜಿನ ಕಮಾನು) ಹಾಕಬೇಕು ಎನ್ನುವುದು ಒಂದು ಪಕ್ಷ. ಇಂದಿನ ಕಾರುಗಳ ಚಾವಣಿ ಸಾಕಷ್ಟು ಗಟ್ಟಿಯಾಗಿದೆ, ಕಾರ್ಖಾನೆಯ ಸೀಟಿನ ಬೆನ್ನು ಹೇಗೂ ಸ್ವಲ್ಪ ಬಗ್ಗುತ್ತದೆ, ಆದ್ದರಿಂದ ಕಡ್ಡಾಯವಲ್ಲ ಎನ್ನುವುದು ಇನ್ನೊಂದು. ಮೈಯನ್ನು ಎರಡೂ ಬದಿಯಿಂದ ಹಿಡಿಯುವ, ಬಗ್ಗದ ರೇಸ್ ಬಕೆಟ್ ಸೀಟಿನ ವಿಷಯದಲ್ಲಿ ಮೊದಲನೆಯ ಪಕ್ಷದ ಮಾತಿಗೆ ಎದುರಾಡುವಂತಿಲ್ಲ. ನನ್ನದು ಕಾರ್ಖಾನೆಯ ಸೀಟೇ ಆದರೂ ನಾನು ಮೊದಲನೆಯ ಪಕ್ಷದ ಕಡೆಗೇ ವಾಲುತ್ತೇನೆ.

ಅರ್ಧ ಕೇಜ್ ಎಂದರೆ ಮುಂದಿನ ಸೀಟುಗಳ ಹಿಂದೆ ನಿಲ್ಲುವ ಒಂದು ಮುಖ್ಯ ಕಮಾನು, ಅದರಿಂದ ಹಿಂದಿನ ಚಕ್ರದ ಮೇಲ್ಭಾಗಕ್ಕೆ ಇಳಿಯುವ ಎರಡು ಆನಿಕೆ ಕೊಳವೆಗಳು, ನಡುವೆ ಒಂದು ಕರ್ಣ, ಹಾರ್ನೆಸ್ಸಿಗೆ ಒಂದು ಅಡ್ಡ. ಎಫ್‌ಐಎ ನಿಯಮದ 253ನೆಯ ವಿಧಿ ಇದಕ್ಕೆ ಸ್ಪಷ್ಟ ಅಳತೆಗಳನ್ನು ಕೊಡುತ್ತದೆ. ಮುಖ್ಯ ಕಮಾನಿಗೆ ಉದ್ದಕ್ಕೆ ಬೆಸುಗೆಯಿಲ್ಲದ (ಸೀಮ್‌ಲೆಸ್), ತಣ್ಣಗೆ ಎಳೆದ ಕಾರ್ಬನ್ ಉಕ್ಕಿನ ಕೊಳವೆ, 45 ಮಿ.ಮೀ. ಹೊರವ್ಯಾಸ ಮತ್ತು 2.5 ಮಿ.ಮೀ. ದಪ್ಪದ್ದು, ಇಲ್ಲವೇ 50 ಮಿ.ಮೀ. ವ್ಯಾಸ ಮತ್ತು 2 ಮಿ.ಮೀ. ದಪ್ಪದ್ದು. ಉಳಿದ ಭಾಗಗಳಿಗೆ 38 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ, ಅಥವಾ 40ಕ್ಕೆ 2. ಉಕ್ಕಿನ ಕರ್ಷಣ ಬಲ ಚದರ ಮಿಲಿಮೀಟರಿಗೆ ಕನಿಷ್ಠ 350 ನ್ಯೂಟನ್ ಇರಬೇಕು. ಮುಖ್ಯ ಕಮಾನಿನ ಕಾಲು ನಿಲ್ಲುವಲ್ಲಿ ಕಾರಿನ ತಳಕ್ಕೆ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂಟಿಮೀಟರ್ ವಿಸ್ತಾರದ ಬಲವರ್ಧಕ ತಗಡು ಬೇಕು, ಬೋಲ್ಟುಗಳು 8 ಮಿ.ಮೀ. ವ್ಯಾಸದ 8.8 ದರ್ಜೆಯವು, ಒಂದೊಂದು ಕಾಲಿಗೆ ಮೂರಾದರೂ. ಆನಿಕೆ ಕೊಳವೆಗಳು ಲಂಬಕ್ಕೆ 30 ಡಿಗ್ರಿಯಾದರೂ ಓರೆಯಾಗಿ, ನೆಟ್ಟಗೆ, ಬಾಗಿಲ್ಲದೆ ಹಿಂದಕ್ಕೆ ಹೋಗಬೇಕು.

ಈ ಅಳತೆಗಳನ್ನೆಲ್ಲ ಬರೆದುಕೊಟ್ಟಿದ್ದರೂ ನಾನು ಕೆಲಸ ಕೊಟ್ಟ ವರ್ಕ್‌ಶಾಪಿನಲ್ಲಿ ಮೊದಲು ಬಾಗಿಸಿಟ್ಟಿದ್ದು ಉದ್ದಕ್ಕೆ ಬೆಸುಗೆಯ ಗೆರೆ ಕಾಣುವ ಸಾಮಾನ್ಯ ಇಆರ್‌ಡಬ್ಲ್ಯು ಪೈಪನ್ನು, ಅಂದರೆ ಗೇಟು, ಮೆಟ್ಟಿಲ ಕಟಕಟೆಗಳಿಗೆ ಬಳಸುವಂಥದ್ದನ್ನು. ಬಾಗಿದ ಜಾಗದಲ್ಲಿ ಒಳಮೈ ಸುಕ್ಕುಗಟ್ಟಿ ಕೊಳವೆ ಚಪ್ಪಟೆಯಾಗಿತ್ತು. ಬಣ್ಣ ಬಳಿದ ಮೇಲೆ ಯಾರಿಗೆ ಗೊತ್ತಾಗುತ್ತದೆ ಎಂಬ ಧೈರ್ಯ ಅವರದು. ಬಣ್ಣಕ್ಕೆ ಮುಂಚೆ ಹೋಗಿ ನೋಡುವ ಪದ್ಧತಿ ನನ್ನದು. ಅದನ್ನು ತಿರಸ್ಕರಿಸಿ, ಪರೀಕ್ಷಾ ಪ್ರಮಾಣಪತ್ರವಿರುವ ಸೀಮ್‌ಲೆಸ್ ಕೊಳವೆಯನ್ನು ನಾನೇ ತಂದುಕೊಟ್ಟ ಮೇಲೆ ಎರಡನೆಯದು ಸರಿಯಾಗಿ ಬಂತು. ನ್ಯಾಯವಾಗಿ ಹೇಳಬೇಕೆಂದರೆ ಅವರ ವೆಲ್ಡರ್ ಕೈ ಚೆನ್ನಾಗಿದೆ. ಕೊಳವೆ ಕೂಡುವಲ್ಲಿ ಸುತ್ತಲೂ ಬಿಡದೆ ಬೆಸೆದಿದ್ದಾನೆ, ಚಾವಣಿಯ ಹತ್ತಿರ ಕೈ ಹೋಗದ ಕಡೆಯಲ್ಲೂ ಸಹ. 45ಕ್ಕೆ 2.5ರ ಕೊಳವೆ ಮೀಟರಿಗೆ ಸುಮಾರು 2.6 ಕಿಲೋ ತೂಗುತ್ತದೆ. ತಗಡು, ಬೋಲ್ಟು ಎಲ್ಲ ಸೇರಿ ಇಡೀ ಅರ್ಧ ಕೇಜ್ 25 ಕಿಲೋ ಆಸುಪಾಸಿನದು, ಕಾರಿನ ಓಟದಲ್ಲಿ ಅದರ ಭಾರ ಗೊತ್ತಾಗುವುದಿಲ್ಲ. ಕಲ್ಲುಮಣ್ಣಿನ ರಸ್ತೆಯಲ್ಲಿ ಬಾಡಿಯಿಂದ ಬರುತ್ತಿದ್ದ ಕಿರುಗುಟ್ಟುವಿಕೆ ಕಡಿಮೆಯಾಗಿದೆ, ಅದರ ಬದಲು ಬೋಲ್ಟು ಸಡಿಲವಾದಾಗ ಹೊಸದೊಂದು ಟಿಕ್ ಸದ್ದು ಬರುತ್ತದೆ. ಪ್ರತಿ ಟ್ರ್ಯಾಕ್ ಡೇಗೆ ಮುಂಚೆ ಟಾರ್ಕ್ ವ್ರೆಂಚ್ ಹಿಡಿಯಲೇಬೇಕು.

ಪೂರ್ಣ ಕೇಜನ್ನು ನಾನು ಬೇಡವೆನ್ನುವುದು ತಲೆಯ ಕಾರಣಕ್ಕೆ. ಪೂರ್ಣ ಕೇಜಿನ ಕೊಳವೆ ವಿಂಡ್‌ಶೀಲ್ಡಿನ ಪಕ್ಕದ ಕಂಬದಗುಂಟ ಏರಿ, ಬಾಗಿಲಿನ ಮೇಲೆ, ಚಾಲಕನ ಹಣೆ ಮತ್ತು ಕಪಾಲದ ಪಕ್ಕದಲ್ಲೇ ಹಾದುಹೋಗುತ್ತದೆ. ಪೋಲೊ ಗಾತ್ರದ ಕಾರಿನಲ್ಲಿ ತಲೆಗೂ ಆ ಉಕ್ಕಿಗೂ ಇರುವ ಅಂತರ ಒಂದು ಗೇಣಿಗಿಂತ ಕಡಿಮೆ. ಮೂರು ಬಿಂದುಗಳ ಬೆಲ್ಟಿನಲ್ಲಿ ಕುಳಿತವನ ತಲೆ ಪಕ್ಕದ ಡಿಕ್ಕಿಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ದೂರ ಓಲಾಡುತ್ತದೆ. ಹೆಲ್ಮೆಟ್ ಇಲ್ಲದ ತಲೆ ಉಕ್ಕಿಗೆ ಬಡಿಯಲು ದೊಡ್ಡ ಅಪಘಾತವೇ ಆಗಬೇಕಿಲ್ಲ, ಜಂಕ್ಷನ್ನಿನಲ್ಲಿ ಆಟೊ ಬಂದು ಬಾಗಿಲಿಗೆ ಗುದ್ದಿದರೂ ಸಾಕು. ಕೇಜನ್ನು ರೂಪಿಸಿರುವುದೇ ಹೆಲ್ಮೆಟ್ ಹಾಕಿದ ತಲೆಗಾಗಿ. ಏಷ್ಯಾ-ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಸುತ್ತುಗಳು ನಡೆದಿರುವ ಚಿಕ್ಕಮಗಳೂರಿನ ಕಾಫಿ ತೋಟಗಳ ಹಾದಿಯಲ್ಲಿ ಕೇಜ್ ಹಾಕಿದ ಕಾರುಗಳು ಊರಿನ ರಸ್ತೆಯಲ್ಲೂ ಓಡುವುದನ್ನು ಕಂಡವರು, ಅವರಿಗೆ ಸಲ್ಲುವುದು ನಮಗೇಕೆ ಸಲ್ಲದು ಎಂದು ಕೇಳುತ್ತಾರೆ. ಅವರ ಕಾರಿನಲ್ಲಿ ಕೇಜಿನ ಜೊತೆಗೆ ಬಕೆಟ್ ಸೀಟು, ಆರು ಪಟ್ಟಿಯ ಹಾರ್ನೆಸ್, ಹೆಲ್ಮೆಟ್, ಹ್ಯಾನ್ಸ್, ಅಗ್ನಿಶಾಮಕ ಇವೆ, ಮತ್ತು ಮಗುವನ್ನು ಶಾಲೆಗೆ ಬಿಡಲು ಆ ಕಾರನ್ನು ಯಾರೂ ತೆಗೆಯುವುದಿಲ್ಲ.

ಕೊಳವೆಗೆ ಸ್ಪಂಜು ಸುತ್ತಿದರಾಯಿತು ಎನ್ನುವ ಉತ್ತರ ಅಂಗಡಿಗಳಲ್ಲಿ ಸಿದ್ಧವಾಗಿರುತ್ತದೆ. ಬಹುಪಾಲು ಜನ ಸುತ್ತಿರುವುದು ಏಸಿ ಪೈಪಿಗೆ ಹಾಕುವ ಕಪ್ಪು ಫೋಮು. ಬೆರಳಲ್ಲಿ ಒತ್ತಿದರೆ ಒಳಗಿನ ಉಕ್ಕು ಸಿಗುತ್ತದೆ, ತಲೆಗೂ ಹಾಗೆಯೇ ಸಿಗುತ್ತದೆ. ಎಫ್‌ಐಎ 8857-2001 ಅಥವಾ ರೇಸ್ ಸಾಧನಗಳಿಗೆ ಮಾನದಂಡ ಕೊಡುವ ಅಮೆರಿಕದ ಎಸ್‌ಎಫ್‌ಐ ಸಂಸ್ಥೆಯ 45.1 ಗುರುತಿರುವ ನಿಜವಾದ ಕೇಜ್ ಪ್ಯಾಡು ಮುಷ್ಟಿಯಲ್ಲಿ ಗುದ್ದಿದರೂ ಗಟ್ಟಿಯೆನಿಸುತ್ತದೆ, ಏಕೆಂದರೆ ಅದು ದೊಡ್ಡ ಹೊಡೆತಕ್ಕೆ ಮಾತ್ರ ಕುಗ್ಗುವಂತೆ, ಹೆಲ್ಮೆಟ್ ಜೊತೆಗೆ ಕೆಲಸ ಮಾಡುವಂತೆ ಮಾಡಿದ ವಸ್ತು. ಬರಿ ತಲೆಗೆ ಅದೂ ಸಾಕಾಗದು. ನನ್ನ ಅರ್ಧ ಕೇಜಿನ ಕಮಾನನ್ನು ಮಧ್ಯದ ಕಂಬದ ಹಿಂದಕ್ಕೆ, ತಲೆಯಾನಿಕೆಗಿಂತ ಸಾಕಷ್ಟು ದೂರಕ್ಕೆ ಸರಿಸಿ ನಿಲ್ಲಿಸಿದ್ದರೂ ಮೇಲ್ಭಾಗಕ್ಕೆ ಈ ಗಟ್ಟಿ ಪ್ಯಾಡನ್ನೇ ಹಾಕಿಸಿದ್ದೇನೆ. ಸೀಟನ್ನು ಹಿಂದಕ್ಕೆ ತಳ್ಳಿ, ಬೆನ್ನು ಒರಗಿಸಿ ಓಡಿಸುವ ಎತ್ತರದ ವ್ಯಕ್ತಿಗೆ ಅರ್ಧ ಕೇಜೂ ಸೂಕ್ತವಲ್ಲ.

ಹಿಂದಿನ ಸೀಟಿನ ಕಥೆ ಬೇರೆ. ಅಲ್ಲಿ ಕುಳಿತವರ ಮುಖದ ನೇರಕ್ಕೆ ಹಾರ್ನೆಸ್ಸಿನ ಅಡ್ಡ ಕೊಳವೆ, ಕಿವಿಯ ಪಕ್ಕಕ್ಕೆ ಆನಿಕೆ ಕೊಳವೆ ಬರುತ್ತವೆ. ಅಲ್ಲಿ ಮಕ್ಕಳನ್ನಾಗಲಿ ದೊಡ್ಡವರನ್ನಾಗಲಿ ಕೂರಿಸುವ ಮಾತೇ ಇಲ್ಲ. ಮನೆಯಲ್ಲಿ ಇರುವುದು ಒಂದೇ ಕಾರು ಎಂದಾದರೆ ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ ಮೂಲ ಬೆಲ್ಟಿನಲ್ಲಿಯೇ ಟ್ರ್ಯಾಕ್ ಡೇ ಮಾಡಬಹುದು, ಕೊರತೆಯೇನೂ ಆಗದು. ಸೀಟನ್ನು ಕಿತ್ತುಹಾಕಿದರೆ ನೋಂದಣಿ ಪತ್ರದಲ್ಲಿರುವ ಆಸನ ಸಂಖ್ಯೆಗೂ ಕಾರಿಗೂ ತಾಳೆಯಾಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವ ಮಾರ್ಪಾಡನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಬಿಗಿಯಾಗಿಯೇ ಓದಿತು. ಬೋಲ್ಟಿನಲ್ಲಿ ಕೂರಿಸಿದ, ಬಿಚ್ಚಬಹುದಾದ ಅರ್ಧ ಕೇಜನ್ನೇ ನಾನು ಆಯ್ದುಕೊಂಡದ್ದಕ್ಕೆ ಇದೂ ಕಾರಣ. ವಿಮಾ ಕಂಪನಿಗೆ ಪತ್ರ ಬರೆದು ತಿಳಿಸಿದ್ದೇನೆ. ತಿಳಿಸದೆ ಇಟ್ಟುಕೊಂಡರೆ ಪರಿಹಾರ ಕೇಳುವ ದಿನ ಅದನ್ನೇ ಎತ್ತಿ ಹಿಡಿಯುತ್ತಾರೆ.

ನನ್ನ ಪೋಲೊದಲ್ಲಿ ಇರುವುದು ಮುಂದಿನ ಎರಡು ಏರ್‌ಬ್ಯಾಗ್ ಮಾತ್ರ. ಆರು ಏರ್‌ಬ್ಯಾಗುಗಳ ಹೊಸ ಕಾರು ಇರುವವರಿಗೆ ತೊಡಕು ಇನ್ನೂ ಹೆಚ್ಚು. ಬಾಗಿಲ ಮೇಲಿನಿಂದ ಪರದೆಯಂತೆ ಇಳಿಯುವ ಏರ್‌ಬ್ಯಾಗಿನ ದಾರಿಯಲ್ಲಿಯೇ ಪೂರ್ಣ ಕೇಜಿನ ಕೊಳವೆ ಬರುತ್ತದೆ. ಬಕೆಟ್ ಸೀಟು ಹಾಕಿದರೆ ಮೂಲ ಸೀಟಿನ ಬದಿಯಲ್ಲಿದ್ದ ಏರ್‌ಬ್ಯಾಗ್ ಹೋಗಿಬಿಡುತ್ತದೆ. ಆಗ ಹೊತ್ತಿಕೊಳ್ಳುವ ಎಚ್ಚರಿಕೆಯ ದೀಪವನ್ನು ಆರಿಸಲು ತಂತಿಗೆ ರೆಸಿಸ್ಟರ್ ಸಿಕ್ಕಿಸಿ ಕೊಡುವ ಮೆಕ್ಯಾನಿಕರಿದ್ದಾರೆ. ದೀಪ ಆರುತ್ತದೆ, ಅಷ್ಟೇ.

ಕೊಳ್ಳುವವರಿಗೆ ಉಳಿದ ಮಾತು ಲೇಬಲ್ಲಿನದು. ಹೆಸರಾಂತ ಕಂಪನಿಗಳ ಗುರುತು ಹೊತ್ತ ಖೋಟಾ ಹಾರ್ನೆಸ್ಸುಗಳು ಆನ್‌ಲೈನ್ ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಪಟ್ಟಿಯ ಮೇಲೆ ಅನುಮೋದನೆಯ ಸಂಖ್ಯೆ ಹೊಲಿದಿರಬೇಕು, ಅಂಟಿಸಿರಬಾರದು. ರ‍್ಯಾಲಿ 4 ರಸ್ತೆ ಅನುಮೋದನೆಯ ವಸ್ತುವಾದ್ದರಿಂದ ಎಫ್‌ಐಎ ಲೇಬಲ್ ಕೇಳುವ ಸ್ಪರ್ಧೆಗಳಿಗೆ ನಡೆಯುವುದಿಲ್ಲ. ಅಲ್ಲಿಗೆ ಎಫ್‌ಐಎ 8853-2016 ಗುರುತಿನ ಆರು ಪಟ್ಟಿಯದೇ ಬೇಕು, ಜೊತೆಗೆ ಅದಕ್ಕೆ ತಕ್ಕ ಸೀಟು. ಸ್ಪರ್ಧೆಯ ಹಾರ್ನೆಸ್ಸುಗಳಿಗೆ ಆಯುಷ್ಯದ ಮಿತಿಯಿದೆ, ಅಮೆರಿಕದ ಎಸ್‌ಎಫ್‌ಐ 16.1 ಗುರುತಿನವಕ್ಕೆ ಅದು ತಯಾರಾದ ದಿನದಿಂದ ಎರಡೇ ವರ್ಷ. ಸೆಕೆಂಡ್ ಹ್ಯಾಂಡ್ ಹಾರ್ನೆಸ್ ಕೊಳ್ಳಲೇಬಾರದು. ಒಮ್ಮೆ ಅಪಘಾತದ ಬಲ ಬಿದ್ದ ಪಟ್ಟಿ ಹಿಗ್ಗಿರುತ್ತದೆ, ಕಣ್ಣಿಗೆ ಅದು ಕಾಣದು. ರ‍್ಯಾಲಿ 4ರ ಬೆಲೆ ಆಮದು ಸುಂಕ, ಸಾಗಣೆ ಸೇರಿ ಒಂದು ಸೀಟಿಗೇ ಐದಂಕಿಗೆ ಹೋಗುತ್ತದೆ, ವರ್ಷಕ್ಕೊಮ್ಮೆ ಟ್ರ್ಯಾಕಿಗೆ ಹೋಗುವವರಿಗೆ ಅಷ್ಟು ಹಣ ದಂಡ. ಪಕ್ಕದ ಸೀಟಿಗೆ ನನ್ನಲ್ಲಿ ಇನ್ನೂ ಮೂಲ ಬೆಲ್ಟ್ ಒಂದೇ ಇದೆ. ಚಾಲಕನಿಗೆ ಇರುವ ರಕ್ಷಣೆ ಪಕ್ಕದವನಿಗೂ ಇರಬೇಕೆಂಬ ನಿಯಮವನ್ನು ಹಲವು ಟ್ರ್ಯಾಕ್ ಡೇ ಸಂಘಟಕರು ಪಾಲಿಸುತ್ತಾರೆ, ಅದು ಸರಿಯಾದ ನಿಯಮವೂ ಹೌದು. ಎಡ ಸೀಟಿನ ಮಾದರಿ ಬರುವವರೆಗೆ ಟ್ರ್ಯಾಕಿನಲ್ಲಿ ಯಾರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿಲ್ಲ.